ಕಂಬದ ಹಿಂದೆ ಯಾರೂ ಇರಲಿಲ್ಲ

ಚರ್ಚಿನ ಸಭಾಪಾಲಕರ ಹೆಂಡತಿಗೆ ನೇಮಕದ ಆದೇಶ ಬರುವುದಿಲ್ಲ. ಸಂಬಳವಿಲ್ಲ, ರಜೆಯಿಲ್ಲ. ಆದರೆ ವರ್ಗವಾಗುತ್ತದೆ, ನಿವೃತ್ತಿಯೂ ಆಗುತ್ತದೆ. ನಮ್ಮ ಯಜಮಾನರು ನಿವೃತ್ತರಾದ ದಿನ ಅವರಿಗೆ ಶಾಲು ಹೊದಿಸಿದರು, ನನಗೆ ಒಂದು ಸ್ಟೀಲ್ ಡಬ್ಬಿ ಕೊಟ್ಟರು. ಅದರ ಮುಚ್ಚಳ ಸ್ವಲ್ಪ ಬಿಗಿ. ಈಚೆಗೆ ಹೆಂಗಸರ ಕೂಟವೊಂದರಲ್ಲಿ, ಹೊಸದಾಗಿ ಸಭಾಪಾಲಕರೊಬ್ಬರನ್ನು ಮದುವೆಯಾದ ಹುಡುಗಿ ನನ್ನ ಪಕ್ಕ ಬಂದು ಕೂತು, "ಆಂಟಿ, ನಿಜವಾಗಿ ನಾವು ಮಾಡಬೇಕಾದ ಕೆಲಸ ಏನು?" ಎಂದು ಕೇಳಿದಳು. ಪ್ರಾರ್ಥನೆ ಎಂದುಬಿಟ್ಟೆ. ಊಟಕ್ಕೆ ಎಲೆ ಹಾಕಿಯಾಗಿತ್ತು, ಬೇರೆ ಉತ್ತರಕ್ಕೆ ಸಮಯವಿರಲಿಲ್ಲ. ಉಳಿದದ್ದನ್ನು ಇಲ್ಲಿ ಬರೆಯುತ್ತೇನೆ.

ನಾನು ಓದಿದ್ದು ತುಮಕೂರಿನ ಕಾನ್ವೆಂಟಿನಲ್ಲಿ. ನಾವು ಲೂಥರನ್ ಮನೆಯವರಾದರೂ ಅಲ್ಲಿನ ಕ್ಯಾಥೊಲಿಕ್ ಸಿಸ್ಟರುಗಳು ಭೇದ ಮಾಡದೆ ಎಲ್ಲ ಹುಡುಗಿಯರಿಗೂ ಒಂದೇ ಸಮ ಗದರುತ್ತಿದ್ದರು. ಅಲ್ಲಿ ಕಲಿತದ್ದು ಇಂಗ್ಲಿಷ್ ವ್ಯಾಕರಣ, ಲೇಸು ಹೆಣೆಯುವುದು, ಹಿತ್ತಾಳೆ ತಿಕ್ಕುವುದು, ಬಾಗಿಲನ್ನು ಸದ್ದಾಗದಂತೆ ಮುಚ್ಚುವುದು. ಸಭಾಪಾಲಕರ ಮನೆಯಲ್ಲಿ ಇವುಗಳಲ್ಲಿ ಕೊನೆಯದು ಹೆಚ್ಚು ಉಪಯೋಗಕ್ಕೆ ಬಂತು. ವ್ಯಾಕರಣ ಇನ್ನೂ ಹಾಗೇ ಇದೆ.

ಮೊದಲ ಊರು ಕೊರಟಗೆರೆ. ಆರಾಧನೆಯಲ್ಲಿ ಸಭೆಗೆ ಹಂಚುವ ಕರ್ತನ ಭೋಜನದ ದ್ರಾಕ್ಷಾರಸ ಎಲ್ಲಿಂದಲೋ ಬರುತ್ತದೆಂದು ನಾನು ತಿಳಿದಿದ್ದೆ. ಅದು ನನ್ನ ಅಡುಗೆಮನೆಯಿಂದಲೇ ಬರಬೇಕೆಂದು ಶನಿವಾರ ಸಂಜೆ ಗೊತ್ತಾಯಿತು. ಒಣದ್ರಾಕ್ಷಿ ನೆನೆಸಿ, ಕುದಿಸಿ, ತೆಳು ಬಟ್ಟೆಯಲ್ಲಿ ಸೋಸಬೇಕು. ರೊಟ್ಟಿಯನ್ನು ಎಣ್ಣೆ ಮುಟ್ಟಿಸದೆ ಕಾಗದದಷ್ಟು ತೆಳುವಾಗಿ ಸುಟ್ಟು, ಟಾನಿಕ್ ಬಾಟಲಿಯ ಮುಚ್ಚಳದಿಂದ ಬಿಲ್ಲೆ ಒತ್ತಬೇಕು. ಮುಚ್ಚಳವನ್ನು ಮೊದಲು ಬಿಸಿನೀರಿನಲ್ಲಿ ತೊಳೆಯಿರಿ. ಇಲ್ಲದಿದ್ದರೆ ಇಡೀ ಸಭೆಗೆ ಟಾನಿಕ್ಕಿನ ವಾಸನೆ ಬರುತ್ತದೆ. ಒಂದು ಬೇಸಿಗೆಯಲ್ಲಿ ರಸದ ಬಾಟಲಿಯನ್ನು ಒಲೆಯ ಪಕ್ಕದ ಗೂಡಿನಲ್ಲಿ ಇಟ್ಟು ಮರೆತೆ. ರಸ ಹುದುಗೆದ್ದು, ಬಿರಡೆ ಹಾರಿ ಎದುರು ಗೋಡೆಯ ಕ್ಯಾಲೆಂಡರಿಗೆ ತಗುಲಿತು. ಬೇರೆ ಮಾಡಲು ದ್ರಾಕ್ಷಿ ಇರಲಿಲ್ಲವಾದ್ದರಿಂದ ಉಳಿದದ್ದನ್ನೇ ಕಳುಹಿಸಿದೆ. ಆರಾಧನೆ ಮುಗಿದ ಮೇಲೆ ಒಬ್ಬ ಮುದುಕರು ಅಡುಗೆಮನೆಯ ಬಾಗಿಲಿಗೇ ಬಂದು, "ಹೋದ ಸಲದ್ದಕ್ಕಿಂತ ಈ ಸಲದ್ದು ವಾಸಿ ಕಣಮ್ಮಾರೇ. ಇನ್ಮ್ಯಾಲೆ ಇಂಗೇ ಮಾಡಿ," ಎಂದು ಹೇಳಿ ಹೋದರು.

ಎರಡನೆಯ ಊರು ಶಿರಾ. ನಮ್ಮ ಬಲಿಪೀಠದ ಹೊದಿಕೆ ಕಾಲಕ್ಕೆ ತಕ್ಕಂತೆ ಬಣ್ಣ ಬದಲಿಸುತ್ತದೆ. ಯೇಸುವಿನ ಶ್ರಮೆ ನೆನೆಯುವ ದಿನಗಳಿಗೆ ನೇರಳೆ, ಹಬ್ಬಕ್ಕೆ ಬಿಳಿ, ಸಾಧಾರಣ ದಿನಗಳಿಗೆ ಹಸಿರು. ಅಂಚಿನ ಲೇಸು ನನ್ನದು, ಹೊಲಿಗೆ ಬಜಾರಿನ ದಸ್ತಗೀರ್ ಸಾಬರದು.

"ಇಷ್ಟು ಅಗಲ ಯಾರಿಗಮ್ಮಾ?" ಎಂದು ಅವರು ಅಳತೆಪಟ್ಟಿ ಕೊರಳಿನಿಂದ ತೆಗೆದರು.

"ಮೇಜಿಗೆ."

"ಮೇಜಿಗೆ ಜರಿ ಯಾಕೆ?"

"ಹಬ್ಬಕ್ಕೆ."

"ಅಚ್ಛಾ, ಮೇಜಿಗೂ ಹಬ್ಬ," ಎಂದು ಬರೆದುಕೊಂಡರು.

ಯಜಮಾನರ ಕಪ್ಪು ನಿಲುವಂಗಿಯನ್ನೂ ಅವರೇ ಹೊಲಿದರು. ನಾವು ಹೇಳದಿದ್ದರೂ ಎರಡು ಪಕ್ಕಕ್ಕೂ ಮೊಣಕಾಲಿನವರೆಗೆ ಇಳಿಯುವ ಜೇಬು ಇಟ್ಟಿದ್ದರು. "ಇಷ್ಟು ದೊಡ್ಡ ಅಂಗಿಗೆ ಜೇಬಿಲ್ಲ ಅಂದ್ರೆ ಜನ ನನ್ನ ಕೇಳ್ತಾರೆ," ಎಂದರು. ಅಂದಿನಿಂದ ಯಜಮಾನರು ಪ್ರಸಂಗದ ನಡುವೆ ಏನನ್ನಾದರೂ ಮರೆತರೆ ಜೇಬಿಗೆ ಕೈ ಹಾಕಿ ಹುಡುಕುವ ಅಭ್ಯಾಸ ಮಾಡಿಕೊಂಡರು. ಜೇಬಿನಲ್ಲಿ ಪೆಪ್ಪರಮಿಂಟು ಮಾತ್ರ ಇರುತ್ತಿತ್ತು.

ಎಪ್ಪತ್ತರ ದಶಕದ ಕೊನೆಯಲ್ಲಿ ಮೂರನೆಯ ಊರಿಗೆ ವರ್ಗವಾಯಿತು. ನಾನು ನಿಜವಾಗಿ ಹೇಳಬೇಕೆಂದಿರುವುದು ಅಲ್ಲಿಯದು. ಮಿಡಿಗೇಶಿ ದಾಟಿ ಪಾವಗಡದ ಕಡೆ ಹೋಗುವ ಬಸ್ಸು ನಮ್ಮನ್ನು ಒಂದು ಹೊಂಗೆಮರದ ಕೆಳಗೆ ಇಳಿಸಿ ಹೋಯಿತು. ಊರು ಸಣ್ಣದು. ಗುಡಿ ದೊಡ್ಡದು. ಅದನ್ನು ಎಲ್ಲರೂ ಕಲ್ಲುಗುಡಿ ಎನ್ನುತ್ತಿದ್ದರು. ಚರ್ಚು ಎಂದು ಹೇಳಿದರೆ ಬಸ್ಸಿನವರಿಗೂ ಗೊತ್ತಾಗುತ್ತಿರಲಿಲ್ಲ.

ಅದರ ಕತೆಯನ್ನು ನನಗೆ ಹೇಳಿದವರು ಯೋಹಾನಪ್ಪನವರು. ಅವರು ಸಭೆಯ ಆಡಳಿತ ನೋಡುವ ಹಿರಿಯರಲ್ಲೆಲ್ಲ ಹಿರಿಯರು, ಕಟ್ಟುನಿಟ್ಟಿನ ಮನುಷ್ಯ, ನಗುವಾಗಲೂ ಛತ್ರಿಯನ್ನು ಕೆಳಗಿಡುತ್ತಿರಲಿಲ್ಲ. ಅವರ ತಾತನ ಕಾಲದಲ್ಲಿ ತೆಲುಗು ಸೀಮೆಯ ಕಡೆಯಿಂದ ಎತ್ತಿನ ಗಾಡಿಯಲ್ಲಿ ಒಬ್ಬ ಮಿಷನರಿ ದೊರೆ ಬಂದರಂತೆ. ಜರ್ಮನಿಯವರು. ತಮ್ಮ ಊರಿನ ಗುಡಿಯಂತೆಯೇ ಒಂದನ್ನು ಕಾಗದದ ಮೇಲೆ ಬರೆದರು. ಉದ್ದನೆಯ ಹಜಾರ, ಮೂಡಲ ತುದಿಯಲ್ಲಿ ಅರ್ಧಚಂದ್ರದ ಹಾಗೆ ದುಂಡಗಿನ ಗೋಡೆ, ಆ ಗೋಡೆಯ ಮುಂದೆ ಬಲಿಪೀಠ. ಕಟ್ಟುವ ಕೆಲಸಕ್ಕೆ ಸಿಕ್ಕಿದವರು ಸುತ್ತಮುತ್ತ ಬಾವಿ ತೋಡಿ ಕಲ್ಲು ಕಟ್ಟುತ್ತಿದ್ದವರು.

"ದುಂಡು ಗೋಡೆ ಅಂದ್ರೆ ಅವ್ರಿಗೆ ಬಾವಿ ಒಂದೇ ಗೊತ್ತಿದ್ದಿದ್ದು," ಎಂದರು ಯೋಹಾನಪ್ಪ. "ಅರ್ಧ ಬಾವಿ ಕಟ್ಬುಟ್ರು."

ಕಟ್ಟಿದ್ದು ನಿಜವಾಗಿ ಅರ್ಧ ಬಾವಿಯೇ. ಬಾವಿಗೆ ಇಳಿಯಲು ಗೋಡೆಯಿಂದ ಹೊರಚಾಚಿದ ಮೆಟ್ಟಿಲುಗಲ್ಲುಗಳು ಇರುತ್ತವಲ್ಲ, ಅವನ್ನೂ ಬಿಟ್ಟಿರಲಿಲ್ಲ. ಬಲಿಪೀಠದ ಹಿಂದೆ, ನೆಲದಿಂದ ಸೂರಿನವರೆಗೆ, ಕಲ್ಲುಗಳು ಓರೆಯಾಗಿ ಒಂದರ ಮೇಲೊಂದು ಹೊರಗೆ ಚಾಚಿದ್ದವು. ಹತ್ತಿದರೆ ಎಲ್ಲಿಗೂ ಹೋಗುವುದಿಲ್ಲ. ದೊರೆಯವರು ನೋಡಿ, ಇವು ಏನೆಂದು ಕೇಳಿದರಂತೆ. ಇಲ್ಲದಿದ್ದರೆ ಒಳಗೆ ಇಳಿದವರು ಹತ್ತುವುದು ಹೇಗೆ ಎಂದು ಕೆಲಸದವರು ತಿರುಗಿ ಕೇಳಿದರಂತೆ. ದೊರೆಯವರಿಗೆ ಕನ್ನಡ ಅಷ್ಟಾಗಿ ಬರುತ್ತಿರಲಿಲ್ಲ, ಹಾಗಾಗಿ ಕಲ್ಲುಗಳು ಉಳಿದವು. ಕ್ರಿಸ್‌ಮಸ್ಸಿಗೆ ನಾನು ಅವುಗಳ ಮೇಲೆ ಹಣತೆ ಇಡುತ್ತಿದ್ದೆ. ಮೇಲಿನವಕ್ಕೆ ಏಣಿ ಬೇಕಿರಲಿಲ್ಲ.

ಆ ಗುಡಿಯ ಎರಡನೆಯ ವಿಚಿತ್ರ ಕಂಬ. ಹಜಾರಕ್ಕೆ ಅಡ್ಡಡ್ಡ ಕಲ್ಲಿನ ತೊಲೆ ಏರಿಸಿ ಅದರ ಮೇಲೆ ಚಪ್ಪಡಿ ಹೊದಿಸಿದ್ದರು. ಏರಿಸುವಾಗ ನಡುವಿನ ತೊಲೆ ಬಿರುಕು ಬಿಟ್ಟಿತು. ದೊರೆಯವರು ಆಗ ಜ್ವರ ಬಂದು ಊರಲ್ಲಿರಲಿಲ್ಲ. ಕೆಲಸದವರು ಬಿರುಕಿನ ಕೆಳಗೆ ಒಂದು ಕಂಬ ನೆಟ್ಟರು. ದೊರೆಯವರು ಗುಣವಾಗಿ ಬಂದು ನೋಡಿದರೆ ಬಾಗಿಲಿಂದ ಬಲಿಪೀಠಕ್ಕೆ ಹೋಗುವ ದಾರಿಯ ನಟ್ಟನಡುವೆ ಆಳೆತ್ತರಕ್ಕಿಂತ ಎತ್ತರದ, ಒಬ್ಬರ ತೆಕ್ಕೆಗೆ ಸಿಗದಷ್ಟು ದಪ್ಪನೆಯ ಕಂಬ. ಯಾವುದೋ ಮಂಟಪಕ್ಕೆಂದು ಕಡೆದು ಬಿಟ್ಟಿದ್ದ ಕಲ್ಲಾದ್ದರಿಂದ ಅದರ ಬುಡದಲ್ಲಿ ಒಂದು ಗಿಳಿಯೂ ಇತ್ತು. ದೊರೆಯವರು ಬಹಳ ಹೊತ್ತು ನಿಂತು ನೋಡಿ, ಮೇಲೆ ಒಂದು ಶಿಲುಬೆ ಕೆತ್ತಿರಿ ಎಂದು ಹೇಳಿ ಚಹಾ ಕುಡಿಯಲು ಹೋದರಂತೆ.

ಅಂದಿನಿಂದ ಆ ಗುಡಿಯ ಎಲ್ಲ ಕೆಲಸ ಕಂಬವನ್ನು ಬಳಸಿಕೊಂಡೇ ನಡೆಯುತ್ತಿತ್ತು. ಮದುಮಕ್ಕಳು ಕಂಬದವರೆಗೆ ಜೊತೆಯಾಗಿ ಬಂದು, ಅಲ್ಲಿ ಬೇರೆಯಾಗಿ, ದಾಟಿದ ಮೇಲೆ ಕೂಡಿಕೊಳ್ಳುತ್ತಿದ್ದರು. ಗಂಡಸರು ಬಲಗಡೆಯ ಚಾಪೆಗಳಲ್ಲಿ, ಹೆಂಗಸರು ಎಡಗಡೆಯ ಚಾಪೆಗಳಲ್ಲಿ ಕೂರುತ್ತಿದ್ದರು. ನಡುವಿನ ದಾರಿ ಖಾಲಿ. ಪ್ರಸಂಗ ಪೀಠದಿಂದ ನೋಡಿದರೆ ಹಜಾರದ ಮೂಲೆಮೂಲೆಯೂ ಕಾಣುತ್ತಿತ್ತು. ಕಾಣದಿದ್ದದ್ದು ಕಂಬದ ಹಿಂದಿನ, ಒಂದು ಚಾಪೆಯಷ್ಟು ಅಗಲದ ಜಾಗ ಮಾತ್ರ.

ಆ ಜಾಗದಲ್ಲಿ ಮಾರ್ಥಮ್ಮ ಕೂರುತ್ತಿದ್ದಳು.

ನಾನು ಮೊದಲ ಭಾನುವಾರವೇ ಗಮನಿಸಿದೆ. ಐವತ್ತರ ಆಚೀಚಿನ ಹೆಂಗಸು, ಸೆರಗನ್ನು ಎರಡು ಕಿವಿಯ ಹಿಂದಕ್ಕೂ ಸಿಕ್ಕಿಸಿ, ತನ್ನದೇ ಚಾಪೆ ಸುತ್ತಿಕೊಂಡು ಎಲ್ಲರಿಗಿಂತ ಕೊನೆಗೆ ಬಂದಳು. ಗಂಡಸರ ಕಡೆಗೂ ಸೇರದೆ, ಹೆಂಗಸರ ಕಡೆಗೂ ಸೇರದೆ, ದಾರಿಯ ನಡುವೆ ಕಂಬಕ್ಕೆ ಮುಖ ಮಾಡಿ ನೆಟ್ಟಗೆ ಕೂತಳು. ಹಾಡುಗಳೆಲ್ಲ ಬಾಯಿಪಾಠ. ಕೊನೆಯ ಆಶೀರ್ವಾದಕ್ಕೆ ಎಲ್ಲರೂ ತಲೆ ಬಗ್ಗಿಸಿದಾಗ ಎದ್ದು ಹೋದಳು. ಎಲ್ಲರೂ ತಲೆ ಎತ್ತುವಷ್ಟರಲ್ಲಿ ಅಲ್ಲಿ ಯಾರೂ ಇರಲಿಲ್ಲ.

"ಅವರು ಯಾರು?" ಎಂದು ಪಕ್ಕದ ರತ್ನಮ್ಮನನ್ನು ಕೇಳಿದೆ. ರತ್ನಮ್ಮ ನನ್ನ ನೆರೆಮನೆಯವಳು, ಹಾಲು ಕೊಡುತ್ತಿದ್ದವಳು, ಮಾತಿಗೆ ಕೊರತೆ ಇರಲಿಲ್ಲ.

"ಯಾರಮ್ಮಾರೇ?" ಎಂದಳು ರತ್ನಮ್ಮ.

"ಕಂಬದ ಹಿಂದೆ ಕೂತಿದ್ದವರು."

"ಕಂಬದ ಹಿಂದೆ ಯಾರೂ ಕೂರಾಕಿಲ್ಲ ಕಣಮ್ಮಾರೇ," ಎಂದು ಅವಳು ಚಾಪೆ ಸುತ್ತತೊಡಗಿದಳು.

ವಿಷಯ ಗೊತ್ತಾಗಲು ಒಂದು ಮಳೆಗಾಲ ಹಿಡಿಯಿತು. ಮಾರ್ಥಮ್ಮನ ಮಗಳು ಕುರಿ ಹಟ್ಟಿಯ ಹುಡುಗನನ್ನು ಮದುವೆಯಾಗಿದ್ದಳು. ಮದುವೆ ನಡೆದದ್ದು ಅವರ ದೇವಸ್ಥಾನದಲ್ಲಿ. ಮಾರ್ಥಮ್ಮ ಅಳುತ್ತ ಮನೆಯಲ್ಲಿ ಕೂತಿದ್ದರೆ ಸಭೆ ಸುಮ್ಮನಿರುತ್ತಿತ್ತೇನೋ. ಅವಳು ರೇಷ್ಮೆ ಸೀರೆ ಉಟ್ಟು ಹೋಗಿ ತಾನೇ ಧಾರೆ ಎರೆದುಕೊಟ್ಟು, ಊಟ ಬಡಿಸಿ ಬಂದಳು. ಸಭೆ ಅವಳನ್ನು ಶಿಸ್ತಿಗೆ ಒಳಪಡಿಸಿತು. ಸೂಚನೆ ಮಂಡಿಸಿದವರು ಯೋಹಾನಪ್ಪ. ಶಿಸ್ತಿನಲ್ಲಿರುವವರಿಗೆ ಕರ್ತನ ಭೋಜನವಿಲ್ಲ. ಆರಾಧನೆಗೆ ಬಂದರೆ ಹೊರಗಿನ ಜಗಲಿಯಲ್ಲಿ ಕೂರಬೇಕು. ಒಳಗೆ ಕಂಡರೆ ಹಿರಿಯರು ಎಬ್ಬಿಸಿ ಕಳುಹಿಸಬೇಕು. ಸಭೆಯ ಮುಂದೆ ನಿಂತು ತಪ್ಪಾಯಿತು ಎಂದರೆ ಎಲ್ಲ ಮುಗಿಯುತ್ತದೆ.

ಅವಳು ತಪ್ಪಾಯಿತು ಎನ್ನಲಿಲ್ಲ. ಕೆಲವು ವಾರ ಜಗಲಿಯಲ್ಲಿ ಕೂತು, ಒಂದು ಭಾನುವಾರ ಜೋರು ಮಳೆ ಬಂದಾಗ ಒಳಗೆ ಬಂದು ಕಂಬದ ಹಿಂದೆ ಕೂತಳಂತೆ. ಮಳೆ ನಿಂತ ಮೇಲೂ ಅಲ್ಲೇ ಉಳಿದಳು. ಆಗಿನ ಸಭಾಪಾಲಕರಿಗೆ ಪೀಠದಿಂದ ಕಾಣಲಿಲ್ಲ. ಹಿರಿಯರು ಮುಂದಿನ ಸಾಲಿನಲ್ಲಿ ಕೂರುವವರು, ಹಿಂದೆ ತಿರುಗಿ ನೋಡುವುದು ಅವರಿಗೆ ಶೋಭಿಸುವುದಿಲ್ಲ. ಹೀಗೆ ವರ್ಷಗಳು ಕಳೆದಿದ್ದವು.

ನಾನು ಯಜಮಾನರಿಗೆ ಹೇಳಿದೆ. ಅವರು ಪುಸ್ತಕದಿಂದ ತಲೆ ಎತ್ತದೆ, "ನನಗೆ ಅಲ್ಲಿಂದ ಕಾಣುವುದು ಗಿಳಿ ಇಲ್ಲದ ಕಡೆಯ ಕಂಬ ಅಷ್ಟೇ. ನೀನೂ ಕಾಣದ್ದನ್ನು ನೋಡುವ ಅಭ್ಯಾಸ ಬಿಡು," ಎಂದರು. ಹೊಸದಾಗಿ ಈ ಕೆಲಸಕ್ಕೆ ಬರುವವರು ಗಮನಿಸಿ: ಕಾಣಿಸಿದ್ದನ್ನೆಲ್ಲ ಯಜಮಾನರಿಗೆ ಹೇಳಬೇಕಾಗಿಲ್ಲ. ಅವರಿಗೆ ಮೊದಲೇ ಗೊತ್ತಿರುತ್ತದೆ.

ಎಂಬತ್ತರ ದಶಕ ಶುರುವಾದ ಮೇಲೆ ಮೇಲಿನ ಕಚೇರಿಯವರಿಗೆ ಗುಡಿಯ ಜ್ಯುಬಿಲಿ ನೆನಪಾಯಿತು. ನಮ್ಮ ವಲಯದ ಮೇಲ್ವಿಚಾರಕರು ಜೀಪಿನಲ್ಲಿ ಬಂದರು, ಜೊತೆಗೊಬ್ಬ ಇಂಜಿನಿಯರು. ಮೇಲ್ವಿಚಾರಕರು ಯಾವ ಕುರ್ಚಿಯನ್ನಾದರೂ ಕರ್ಚೀಫಿನಿಂದ ಒರೆಸದೆ ಕೂರುತ್ತಿರಲಿಲ್ಲ. ನಾನು ಅವರ ಕಣ್ಣೆದುರಿಗೇ ಒರೆಸಿ ಇಟ್ಟಿದ್ದನ್ನೂ ಒರೆಸಿದರು. ಒಳ್ಳೆಯವರೇ. ಇಂಜಿನಿಯರು ಅರ್ಧ ಬಾವಿಯ ಮೆಟ್ಟಿಲುಗಲ್ಲುಗಳನ್ನು ನೋಡಿ ಇವು ಜರ್ಮನ್ ಅಲಂಕಾರ ಎಂದರು. ಕಂಬವನ್ನು ನೋಡಿ, ಕಬ್ಬಿಣದ ತೊಲೆ ಕೊಟ್ಟರೆ ಇದನ್ನು ತೆಗೆಯಬಹುದು ಎಂದರು.

ಗುಡಿಯೊಳಗೇ ಸಭೆ ಕೂಡಿತು. ಹಿರಿಯರು ಚಾಪೆಯ ಮೇಲೆ, ಮೇಲ್ವಿಚಾರಕರು ಒರೆಸಿದ ಕುರ್ಚಿಯಲ್ಲಿ. ನಾನು ಕಾಫಿ ಲೋಟದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ.

"ಜ್ಯುಬಿಲಿಗೆ ಹೊರಗಿನವರು ಬರುತ್ತಾರೆ. ಒಳಗೆ ಕಾಲಿಟ್ಟರೆ ಬಲಿಪೀಠ ಕಾಣಬೇಕೋ, ಈ ಗಿಳಿ ಕಾಣಬೇಕೋ?" ಎಂದರು ಮೇಲ್ವಿಚಾರಕರು. "ಕಂಬ ತೆಗೆಸುತ್ತೇವೆ. ಖರ್ಚು ಕಚೇರಿಯದು. ಯಾರಿಗಾದರೂ ತಕರಾರಿದೆಯೇ?"

ಕಚೇರಿಯೇ ಖರ್ಚು ಕೊಡುತ್ತದೆಂದ ಮೇಲೆ ತಕರಾರಿರಬಾರದು. ಆದರೆ ರತ್ನಮ್ಮನ ಗಂಡ ದಾನಿಯಲಪ್ಪ ಎದ್ದು ನಿಂತ. "ಸೂರು ಕುಸಿದ್ರೆ ಸ್ವಾಮಿ?"

"ಕುಸಿಯುವುದಿಲ್ಲ, ಕಬ್ಬಿಣ ಹಾಕುತ್ತೇವೆ," ಎಂದರು ಇಂಜಿನಿಯರು.

"ಕಬ್ಬಿಣ ತುಕ್ಕಿಡಿತದೆ."

"ಬಣ್ಣ ಹೊಡೆಯುತ್ತೇವೆ."

ದಾನಿಯಲಪ್ಪ ಸ್ವಲ್ಪ ಯೋಚಿಸಿ, "ಗಿಳಿ ಐತಲ್ಲ ಸ್ವಾಮಿ, ಮಕ್ಕಳು ನೋಡ್ಕಂಡು ಸುಮ್ಕೆ ಕೂತಿರ್ತವೆ," ಎಂದು ಕೂತುಬಿಟ್ಟ.

ಇನ್ನೊಬ್ಬರು ಮದುಮಕ್ಕಳ ವಿಷಯ ತೆಗೆದರು. ಕಂಬ ಬಳಸಿ ಬಂದ ಜೋಡಿಗಳು ಇದುವರೆಗೆ ಚೆನ್ನಾಗಿಯೇ ಬಾಳಿವೆ ಎಂದರು. ಮತ್ತೊಬ್ಬರು ಬೇಸಿಗೆಯಲ್ಲಿ ಕಂಬ ತಂಪು ಎಂದರು. ಮೇಲ್ವಿಚಾರಕರು ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದರು. ನಾನೂ ನೋಡುತ್ತಿದ್ದೆ. ಯಾರೂ ಕಂಬದ ಹಿಂದಿನ ನೆಲದ ಕಡೆ ಕಣ್ಣು ಹಾಯಿಸುತ್ತಿರಲಿಲ್ಲ. ಅಲ್ಲಿ ಚಾಪೆಯ ಅಗಲಕ್ಕೆ ಕಲ್ಲು ನುಣುಪಾಗಿತ್ತು.

ಕೊನೆಗೆ ಯೋಹಾನಪ್ಪ ಛತ್ರಿ ಊರಿ ಎದ್ದರು. "ಕಂಬ ಇರ್ಲಿ ಸ್ವಾಮಿ. ಜನಕ್ಕೆ ಒಂದು ಮರೆ ಇರ್ತದೆ."

"ಯಾರಿಗೆ ಮರೆ?"

ಯೋಹಾನಪ್ಪನವರಿಗೆ ಉತ್ತರ ಗೊತ್ತಿತ್ತು. ಹೇಳಿದರೆ, ಹಿರಿಯರು ಇಷ್ಟು ವರ್ಷ ತಮ್ಮದೇ ತೀರ್ಮಾನವನ್ನು ನಡೆಸಿಲ್ಲ ಎಂದಾಗುತ್ತಿತ್ತು, ಮಾರ್ಥಮ್ಮ ಆ ಕ್ಷಣವೇ ಜಗಲಿಗೆ ಹೋಗಬೇಕಾಗುತ್ತಿತ್ತು. ಹೇಳದಿದ್ದರೆ ಕಂಬ ಹೋಗುತ್ತಿತ್ತು. ಅವರು ಛತ್ರಿಯ ಹಿಡಿಯನ್ನು ಎರಡು ಸಲ ತಿರುಗಿಸಿದರು.

"ಯಾರಿಗೂ ಇಲ್ಲ ಸ್ವಾಮಿ, ಸುಮ್ಕೆ ಹೇಳ್ದೆ," ಎಂದು ಕೂತರು.

"ಹಾಗಾದರೆ ತೀರ್ಮಾನವಾಯಿತು. ಕಾಫಿ ತನ್ನಿ ಅಮ್ಮಾ," ಎಂದರು ಮೇಲ್ವಿಚಾರಕರು.

ಮಾರನೆಯ ದಿನ ನಾನು ಮಾರ್ಥಮ್ಮನ ಮನೆಗೆ ಹೋದೆ. ಅವಳು ಜಗಲಿಯ ಮೇಲೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಮಗಳ ಮಗ, ಮೂರು ವರ್ಷದವನು, ಅವಳ ತೊಡೆಯ ಮೇಲೆ ಮಲಗಿದ್ದ.

"ಕಂಬ ತೆಗೆಯುತ್ತಾರಂತೆ ಮಾರ್ಥಮ್ಮ."

"ತೆಗೀಲಿ ಬುಡಿ ಅಮ್ಮಾರೇ. ನಂಗೂ ಅದಕ್ಕೂ ಏನು?"

"ಮತ್ತೆ ನೀನು ಎಲ್ಲಿ ಕೂರುತ್ತೀ?"

"ನಾನ್ಯಾವಾಗ ಕೂತಿದ್ದೆ?" ಎಂದು ಬೀಜವನ್ನು ಬುಟ್ಟಿಗೆ ಎಸೆದಳು. ನಾನು ಎದ್ದು ಹೋಗಲಿಲ್ಲ. ನಾಲ್ಕು ಹಣ್ಣು ಬಿಡಿಸಿದ ಮೇಲೆ ಅವಳೇ ಮಾತಾಡಿದಳು. "ಜಗ್ಲಿ ಮ್ಯಾಲೆ ಕುಂತ್ರೂ ಹಾಡು ಕೇಳ್ತದೆ. ಆದ್ರೆ ಜೊತೆಗೆ ಹಾಡ್ದಂಗೆ ಆಗಾಕಿಲ್ಲ. ಬೀದಿನಾಗೆ ಹೋಗೋರು ನಿಂತು ನೋಡ್ತಾರೆ, ಈಯಮ್ಮ ಒಬ್ಳೇ ಯಾಕೆ ಹಾಡ್ತಾವ್ಳೆ ಅಂತ."

"ಒಂದು ಮಾತು ತಪ್ಪಾಯಿತು ಅಂದುಬಿಡಬಾರದೇ?"

"ಏನು ತೆಪ್ಪಾಯ್ತು ಅನ್ಲಿ? ಮಗಳ ಮದ್ವೆ ಮಾಡಿದ್ದಾ? ಈ ಮಗ ಹುಟ್ಟಿದ್ದಾ?" ಮಗು ಮಗ್ಗುಲು ಬದಲಿಸಿತು. ಅವಳು ದನಿ ಇಳಿಸಿದಳು. "ಏಂ ಚೇಸ್ತಾಂ, ಏನು ಮಾಡಾಣ ಅಮ್ಮಾರೇ. ಇವ್ನು ನಾಳೆ ದೊಡ್ಡವನಾಗಿ, ಅಜ್ಜಿ ಗುಡಿನಾಗೆ ನಿಂತು ಏನಂದೆ ಅಂತ ಕೇಳಿದ್ರೆ ನಾನು ಹೆಂಗೆ ಹೇಳ್ಲಿ?"

 ಹೊರಡುವಾಗ ಹುಣಸೆಹಣ್ಣು ಕೊಟ್ಟಳು, ಸೆರಗಿನಲ್ಲಿ ಕಟ್ಟಿಕೊಂಡು ಮನೆಗೆ ಬಂದೆ.

ಕಂಬ ತೆಗೆಯುವ ಕೆಲಸ ಯಾವ ಗದ್ದಲವಿಲ್ಲದೆ ನಡೆಯಿತು. ಕಬ್ಬಿಣದ ತೊಲೆ ಬಂತು, ಅದಕ್ಕೆ ಬೂದು ಬಣ್ಣ ಹೊಡೆದರು. ಕಂಬವನ್ನು ಹಗ್ಗ ಕಟ್ಟಿ ಹೊರಗೆ ಸಾಗಿಸಿ ಹೊಂಗೆಮರದ ಕೆಳಗೆ ಮಲಗಿಸಿದರು. ಬಸ್ಸಿಗೆ ಕಾಯುವವರು ಅದರ ಮೇಲೆ ಕೂರತೊಡಗಿದರು. ಒಳಗೆ ಬಾಗಿಲಿಂದ ಬಲಿಪೀಠ ನೇರವಾಗಿ ಕಾಣುತ್ತಿತ್ತು. ಅಷ್ಟು ಬಯಲಾದ ಗುಡಿಯಲ್ಲಿ ಗುಡಿಸುವಾಗ ನನಗೇ ಒಂದು ಥರ ಸಂಕೋಚವಾಯಿತು.

ಜ್ಯುಬಿಲಿಯ ಭಾನುವಾರ ಬಂತು. ನಾನು ಬಿಳಿ ಹೊದಿಕೆ ಹಾಸಿ, ಚೆಂಡುಹೂವಿನ ಹಾರವನ್ನು ಮೆಟ್ಟಿಲುಗಲ್ಲುಗಳಿಗೆ ಇಳಿಬಿಟ್ಟಿದ್ದೆ. ಅಂದಿನ ಆರಾಧನೆ ನಡೆಸಿ ಭೋಜನ ಕೊಡುವವರು ಮೇಲ್ವಿಚಾರಕರೇ. ಅವರು ಬಲಿಪೀಠದ ಪಕ್ಕ, ಸಭೆಗೆ ಎದುರಾಗಿ ಕೂತಿದ್ದರು. ಯಜಮಾನರು ಅವರ ಎಡಕ್ಕೆ. ಗಂಡಸರೂ ಹೆಂಗಸರೂ ಕಿಕ್ಕಿರಿದು ಕೂತಿದ್ದರು. ನಡುವಿನ ದಾರಿ ಮಾತ್ರ ಖಾಲಿ.

ಮೊದಲ ಹಾಡು ಮುಗಿಯುವಾಗ ಮಾರ್ಥಮ್ಮ ಬಂದಳು. ಬಾಗಿಲಲ್ಲಿ ಒಂದು ಕ್ಷಣ ನಿಂತಳು. ರೇಷ್ಮೆ ಸೀರೆ ಉಟ್ಟಿದ್ದಳು. ಆಮೇಲೆ ಎಂದಿನ ಹಾಗೆ ನಡೆದು ಬಂದು, ಎಂದಿನ ಜಾಗದಲ್ಲಿ ಚಾಪೆ ಹಾಸಿ, ನೆಟ್ಟಗೆ ಕೂತಳು. ಅವಳ ಮುಂದೆ ಈಗ ಏನೂ ಇರಲಿಲ್ಲ.

ಎರಡನೆಯ ಹಾಡು ಯಾರ ಬಾಯಲ್ಲೂ ಸರಿಯಾಗಿ ಹೊರಡಲಿಲ್ಲ. ಯಜಮಾನರು ಜೇಬಿಗೆ ಕೈ ಹಾಕಿ ಏನನ್ನೋ ಹುಡುಕತೊಡಗಿದರು. ಮುಂದಿನ ಸಾಲಿನಲ್ಲಿ ಯೋಹಾನಪ್ಪನವರ ಕುತ್ತಿಗೆ ಗಟ್ಟಿಯಾಗಿತ್ತು. ಹಿಂದೆ ತಿರುಗದೆಯೇ ಅವರಿಗೆ ಎಲ್ಲ ಗೊತ್ತಾಗಿತ್ತು.

ಮೇಲ್ವಿಚಾರಕರು ಎದ್ದು ನಿಂತು ಸಭೆಯನ್ನು ನೋಡಿದರು. ಅವರು ಪುಸ್ತಕ ತೆರೆಯಬೇಕಿತ್ತು. ತೆರೆಯಲಿಲ್ಲ.

"ಆ ಅಮ್ಮ ಯಾರು? ದಾರಿಯಲ್ಲಿ ಯಾಕೆ ಕೂತಿದ್ದಾರೆ?" ಎಂದು ಎಲ್ಲರಿಗೂ ಕೇಳುವಂತೆ ಕೇಳಿದರು.

ಮಾರ್ಥಮ್ಮ ಅವರನ್ನೇ ನೋಡುತ್ತಿದ್ದಳು. ಚಾಪೆಯ ಅಂಚನ್ನು ಒಂದು ಕೈಯಲ್ಲಿ ಹಿಡಿದಿದ್ದಳು, ಸುತ್ತಲು ಅನುಕೂಲವಾಗುವಂತೆ. ಯಜಮಾನರು ಇನ್ನೊಂದು ಜೇಬಿಗೆ ಕೈ ಹಾಕಿದರು. ಶಿಸ್ತಿನಲ್ಲಿರುವವಳು ಎಂದು ಯಾರಾದರೂ ಒಬ್ಬರು ಹೇಳಿದ್ದರೆ ಸಾಕಿತ್ತು. ಹೇಳಬೇಕಾದವರು ಹಿರಿಯರು. ಹಿರಿಯರೆಲ್ಲ ಯೋಹಾನಪ್ಪನವರನ್ನು ನೋಡಿದರು.

ಯೋಹಾನಪ್ಪ ಎದ್ದರು. ಈ ಸಲ ಛತ್ರಿ ನೆಲದ ಮೇಲೇ ಉಳಿಯಿತು.

"ನಮ್ ಸಭೆಯವ್ಳೇ ಸ್ವಾಮಿ. ಮಾರ್ಥಮ್ಮ ಅಂತ," ಎಂದರು. ಆಮೇಲೆ ಇನ್ನೂ ಏನಾದರೂ ಹೇಳಬೇಕೆನ್ನಿಸಿರಬೇಕು. "ಕಂಬ ಇತ್ತಲ್ಲ, ಆ ಅಭ್ಯಾಸದಾಗೆ ಕೂತ್ಬುಟ್ಟವ್ಳೆ."

"ಕಂಬವೇ ಇಲ್ಲವಲ್ಲ ಈಗ," ಎಂದರು ಮೇಲ್ವಿಚಾರಕರು. "ಅಮ್ಮಾ, ದಾರಿ ಬಿಟ್ಟು ಹೆಂಗಸರ ಕಡೆ ಹೋಗಿ ಕೂತುಕೊಳ್ಳಿ. ಭೋಜನಕ್ಕೆ ಬರುವವರಿಗೆ ಅಡ್ಡವಾಗುತ್ತದೆ."

ಮಾರ್ಥಮ್ಮ ಏಳಲಿಲ್ಲ. ತನಗೇ ಹೇಳಿದ್ದೋ ಎನ್ನುವಂತೆ ಹಿಂದಕ್ಕೊಮ್ಮೆ ನೋಡಿದಳು. ಆಗ ರತ್ನಮ್ಮ, ಎಷ್ಟೋ ವರ್ಷ ಅವಳನ್ನು ಕಂಡೇ ಇರದ ರತ್ನಮ್ಮ, ಪಕ್ಕದವರನ್ನು ಮೊಣಕೈಯಿಂದ ತಳ್ಳಿದಳು.

"ಸರ್ಕೊಳ್ರೇ. ಬಾರಮ್ಮ ಇಂಗೆ, ಮೇಲಿನೋರೇ ಹೇಳಾವ್ರೆ. ಕಾಲು ಚಾಚ್ಬ್ಯಾಡ ಅಷ್ಟೇಯ, ಜಾಗ ಇಲ್ಲ."

ಮಾರ್ಥಮ್ಮ ಚಾಪೆ ಸುತ್ತಿಕೊಂಡು ಹೋಗಿ ಅವಳ ಪಕ್ಕ ಕೂತಳು. ಚಾಪೆ ಬಿಚ್ಚಲು ಜಾಗವಿರಲಿಲ್ಲ, ತೊಡೆಯ ಮೇಲೆ ಇಟ್ಟುಕೊಂಡಳು. ಭೋಜನದ ಹೊತ್ತಿಗೆ ಹೆಂಗಸರ ಸಾಲು ಎದ್ದಾಗ ಅವಳನ್ನು ರತ್ನಮ್ಮ ತೋಳು ಹಿಡಿದು ಎಬ್ಬಿಸಿದಳು. ಮೇಲ್ವಿಚಾರಕರು ಎಲ್ಲರ ಕೈಗೂ ಕೊಟ್ಟ ಹಾಗೆ ಅವಳ ಕೈಗೂ ಬಿಲ್ಲೆ ಕೊಟ್ಟರು. ಅವಳ ಬೆರಳುಗಳು ಹುಣಸೆಯಿಂದ ಕಪ್ಪಾಗಿದ್ದವು. ಯಜಮಾನರು ಬಟ್ಟಲು ಹಿಡಿದು ಹಿಂದೆಯೇ ಬಂದರು. ಎಲ್ಲರಿಗೂ ತೋರಿಸುವ ಮುಖವನ್ನೇ ಅವಳಿಗೂ ತೋರಿಸಿದರು.

ಮುಂದಿನ ತಿಂಗಳ ಹಿರಿಯರ ಸಭೆಯಲ್ಲಿ ದಾನಿಯಲಪ್ಪ ಆ ಶಿಸ್ತಿನ ವಿಷಯ ಏನು ಮಾಡುವುದೆಂದು ಕೇಳಿದನಂತೆ. "ಮೇಲಿನೋರೇ ಕೈಯಾರೆ ಕೊಟ್ಟ ಮ್ಯಾಲೆ ನಾವು ಯಾರ್ಲಾ ಕೇಳಾಕೆ?" ಎಂದು ಯೋಹಾನಪ್ಪ ಗದರಿದರಂತೆ. ಅಲ್ಲಿಗೆ ಅದು ಮುಗಿಯಿತು. ಮೇಲ್ವಿಚಾರಕರಿಗೆ ತಾವು ಏನು ಮಾಡಿದೆವೆಂದು ಕೊನೆಯವರೆಗೂ ಗೊತ್ತಾಗಲಿಲ್ಲ. ಮೇಲಧಿಕಾರಿಗಳ ಬಗ್ಗೆ ನಿಮಗೆ ಹೇಳಬೇಕಾದದ್ದು ಇಷ್ಟೇ: ಅವರು ನೇರವಾಗಿ ಕೇಳುವ ಪ್ರಶ್ನೆಗಳಿಂದ ಒಮ್ಮೊಮ್ಮೆ ಉಪಕಾರವಾಗುತ್ತದೆ.

ಮಾರ್ಥಮ್ಮ ಹೆಂಗಸರ ಕಡೆ ಕೂರಲು ಶುರುಮಾಡಿದ ಮೇಲೆ ಒಂದು ತೊಂದರೆಯಾಯಿತು. ಅಷ್ಟು ವರ್ಷ ಯಾರೊಂದಿಗೂ ಮಾತಾಡದೆ ಕೂತಿದ್ದವಳು, ರತ್ನಮ್ಮನ ಪಕ್ಕ ಕೂತು ಬಾಕಿಯನ್ನೆಲ್ಲ ತೀರಿಸತೊಡಗಿದಳು. ಮಗಳ ಕುರಿಗಳು, ಮೊಮ್ಮಗನ ಹಲ್ಲು, ಹುಣಸೆ ಮರ, ಎಲ್ಲ ಪ್ರಸಂಗದ ಹೊತ್ತಿಗೇ ಬರುತ್ತಿದ್ದವು. ಒಂದು ಭಾನುವಾರ ಯಜಮಾನರು ಮಾತು ನಿಲ್ಲಿಸಿ, ಪ್ರಸಂಗ ಪೀಠದಿಂದ ನೇರವಾಗಿ ಅವಳನ್ನೇ ನೋಡಿ, "ಮಾರ್ಥಮ್ಮ, ಸದ್ದು," ಎಂದರು.

ಇಡೀ ಗುಡಿ ತಿರುಗಿ ನೋಡಿತು. ಮಾರ್ಥಮ್ಮ ಸೆರಗನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡು, "ಆಯ್ತು ಅಯ್ಯನೋರೇ," ಎಂದು ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಹೇಳಿದಳು. ಮನೆಗೆ ಹೋಗುವ ದಾರಿಯುದ್ದಕ್ಕೂ, ಅಯ್ಯನೋರು ಹೆಸರು ಹಿಡಿದು ಗದರಿದರೆಂದು ಸಿಕ್ಕಿದವರಿಗೆಲ್ಲ ಹೇಳಿಕೊಂಡು ಹೋದಳು.